ಬೆಲ್ಲ ಸುರಿದರೂ ಗೊಜ್ಜಿನ ಕಹಿ ಏಕೆ ಹೋಗುವುದಿಲ್ಲ?

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಇರುವವರು. ನಮ್ಮ ಅತ್ತೆಯವರು ಮೈಸೂರಿನ ಕಡೆಯವರು. ಅವರು ಮಾಡುವ ಹಾಗಲಕಾಯಿ ಗೊಜ್ಜಿನಲ್ಲಿ ಕಹಿ ಇದ್ದೂ ಇಲ್ಲದಂತಿರುತ್ತದೆ. ನಾನು ಇಲ್ಲಿನ ಮಾರ್ಕೆಟಿನಿಂದ ಕಾರ್ಲೆ (ಇಲ್ಲಿ ಹಾಗಲಕಾಯಿಗೆ ಹೀಗೆನ್ನುತ್ತಾರೆ) ತಂದು ಅದೇ ಗೊಜ್ಜು ಮಾಡಿದರೆ ಎಷ್ಟು ಬೆಲ್ಲ ಹಾಕಿದರೂ ಕಹಿ ಉಳಿಯುತ್ತದೆ, ಮಕ್ಕಳಂತೂ ತಟ್ಟೆಯಂಚಿಗೆ ಸರಿಸಿಬಿಡುತ್ತಾರೆ. ಮೆಂತ್ಯ ಸೊಪ್ಪಿನ ಪಲ್ಯವೂ ಕೆಲವೊಮ್ಮೆ ಹುಳಿಯೂ ಹೀಗೆಯೇ ಆಗುತ್ತವೆ. ಅಡುಗೆಯ ಕಹಿಯನ್ನು ಕಡಿಮೆ ಮಾಡುವುದು ಹೇಗೆ?

ಉತ್ತರ: ಮುಂಬೈಯ ಕಾರ್ಲೆಯದೇನೂ ತಪ್ಪಿಲ್ಲ. ನಿಮ್ಮ ಪ್ರಶ್ನೆಯೊಳಗೇ ಉತ್ತರದ ಅರ್ಧ ಭಾಗ ಅಡಗಿದೆ. ‘ಎಷ್ಟು ಬೆಲ್ಲ ಹಾಕಿದರೂ’ ಎಂದಿದ್ದೀರಿ, ಉಪ್ಪಿನ ಮಾತನ್ನೇ ಎತ್ತಿಲ್ಲ. ಕಹಿ ಎಂದೊಡನೆ ಬೆಲ್ಲದ ಡಬ್ಬಕ್ಕೆ ಕೈ ಹೋಗುವುದು ನಮ್ಮೆಲ್ಲರ ಅಭ್ಯಾಸವಾದರೂ ಆ ಕೆಲಸದಲ್ಲಿ ಬೆಲ್ಲದ ಸರದಿ ಕೊನೆಯದು, ಮೊದಲ ಸರದಿ ಉಪ್ಪಿನದು.

ಉಪ್ಪು ಇಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ. ಹೆಚ್ಚಿದ ಹಾಗಲಕಾಯಿಗೆ ಉಪ್ಪು ಸವರಿ ಇಟ್ಟಾಗ ಅದು ಹೋಳುಗಳ ಒಳಗಿನ ನೀರನ್ನು ಹೊರಗೆಳೆಯುತ್ತದೆ, ಆ ನೀರಿನೊಂದಿಗೆ ಕಹಿಯ ಒಂದು ಪಾಲೂ ಹೊರಬರುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಕೆಲಸ. ಎರಡನೆಯದು ನಡೆಯುವುದು ಪಾತ್ರೆಯಲ್ಲಲ್ಲ, ನಾಲಿಗೆಯ ಮೇಲೆ. ಉಪ್ಪಿನಲ್ಲಿರುವ ಸೋಡಿಯಂ ಕಹಿಯ ಅರಿವನ್ನೇ ಮಂಕಾಗಿಸುತ್ತದೆ. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬ್ರೆಸ್ಲಿನ್ ಮತ್ತು ಬೋಶಾಂ ಎಂಬ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ, ಕಹಿ ಮತ್ತು ಸಿಹಿ ಎರಡೂ ಬೆರೆತ ದ್ರಾವಣಕ್ಕೆ ಸೋಡಿಯಂ ಲವಣವೊಂದನ್ನು ಸೇರಿಸಿದಾಗ ಕಹಿ ತಗ್ಗಿತು, ಅಷ್ಟೇ ಅಲ್ಲದೆ ಅದೇ ದ್ರಾವಣದ ಸಿಹಿ ಮೊದಲಿಗಿಂತ ಎದ್ದು ಕಂಡಿತು. ನಿಮ್ಮ ಗೊಜ್ಜಿನಲ್ಲಿ ಬೆಲ್ಲ ಸೋಲುತ್ತಿರುವುದಕ್ಕೆ ಕಾರಣ ಇದೇ ಇರಬಹುದು: ಉಪ್ಪು ಕಡಿಮೆಯಾದಾಗ ಕಹಿ ಬೆಲ್ಲದ ಸಿಹಿಯನ್ನು ಒತ್ತಿ ಹಿಡಿಯುತ್ತದೆ, ಆಗ ನಾವು ಇನ್ನಷ್ಟು ಬೆಲ್ಲ ಸುರಿಯುತ್ತೇವೆ, ಕೊನೆಗೆ ಗೊಜ್ಜು ಪಾಯಸದಷ್ಟು ಸಿಹಿಯಾಗಿಯೂ ಕಹಿಯಾಗಿಯೇ ಉಳಿಯುತ್ತದೆ.

ಇನ್ನು ಕೈಕೆಲಸಕ್ಕೆ ಬರೋಣ. ಕಾಲು ಕಿಲೋ ಹಾಗಲಕಾಯಿಯನ್ನು ಉದ್ದಕ್ಕೆ ಸೀಳಿ, ಬೀಜವನ್ನೂ ಅದರ ಸುತ್ತಲಿನ ಬೆಂಡಿನಂಥ ತಿರುಳನ್ನೂ ಚಮಚದ ತುದಿಯಿಂದ ಕೆರೆದು ತೆಗೆಯಿರಿ. ಮೇಲಿನ ಮುಳ್ಳುಮುಳ್ಳಾದ ಏಣುಗಳನ್ನು ಚಾಕುವಿನಿಂದ ಹಗುರವಾಗಿ ಹೆರೆಯಿರಿ, ಸಿಪ್ಪೆಯನ್ನು ಪೂರ್ತಿ ಸುಲಿಯಬೇಕಾಗಿಲ್ಲ. ಆಮೇಲೆ ಆದಷ್ಟು ತೆಳ್ಳಗೆ ಹೆಚ್ಚಿ. ದಪ್ಪ ಬಿಲ್ಲೆಗಳಿಗೆ ಉಪ್ಪು ಹಚ್ಚಿದರೆ ಅಂಚು ಮಾತ್ರ ನೀರು ಬಿಡುತ್ತದೆ, ನಡುಭಾಗ ಹಾಗೆಯೇ ಇರುತ್ತದೆ. ಒಂದು ಟೀ ಚಮಚ ಉಪ್ಪು ಹಾಕಿ ಹೋಳುಗಳನ್ನು ಕೈಯಿಂದ ಚೆನ್ನಾಗಿ ಕಲಸಿ ಅರ್ಧ ಗಂಟೆ ಬಿಡಿ. ಸುಮ್ಮನೆ ಮೇಲೆ ಉದುರಿಸಿ ಬಿಟ್ಟರೆ ಕೆಲಸ ಅರೆಬರೆಯಾಗುತ್ತದೆ. ಅರ್ಧ ಗಂಟೆಯಲ್ಲಿ ಬಟ್ಟಲಿನ ತಳದಲ್ಲಿ ತಿಳಿಹಸಿರು ನೀರು ನಿಂತಿರುತ್ತದೆ, ಗರಿಗರಿಯಾಗಿದ್ದ ಹೋಳುಗಳು ಬಾಡಿ ಮೆತ್ತಗಾಗಿರುತ್ತವೆ. ಮುಷ್ಟಿಯಲ್ಲಿ ಹಿಡಿದು ಬಲವಾಗಿ ಹಿಂಡಿ. ಹಿಂಡಿದ ನೀರಿನ ಒಂದು ಹನಿಯನ್ನು ನಾಲಿಗೆಗೆ ಮುಟ್ಟಿಸಿ ನೋಡಿದರೆ ಎಷ್ಟು ಕಹಿ ಹೊರಬಿತ್ತೆಂಬುದು ತಾನಾಗಿ ತಿಳಿಯುತ್ತದೆ. ಆನಂತರ ಒಮ್ಮೆ ನೀರಿನಲ್ಲಿ ಜಾಲಿಸಿ ಮತ್ತೆ ಹಿಂಡಿಕೊಳ್ಳಿ, ಇಲ್ಲವಾದರೆ ಗೊಜ್ಜು ಉಪ್ಪುಪ್ಪಾಗುತ್ತದೆ. ಇದರಿಂದ ನೀರಿನಲ್ಲಿ ಕರಗುವ ಸಿ ಜೀವಸತ್ವ ಸ್ವಲ್ಪ ನಷ್ಟವಾಗುವುದು ನಿಜ, ಆದರೆ ಯಾರೂ ತಿನ್ನದ ಗೊಜ್ಜಿನಲ್ಲಿ ಜೀವಸತ್ವ ಪೂರ್ತಿಯಾಗಿ ಉಳಿದಿದ್ದರೂ ಪ್ರಯೋಜನವೇನು?

ಮುಂದಿನ ಕ್ರಮವೂ ಮುಖ್ಯ. ಹಿಂಡಿದ ಹೋಳುಗಳನ್ನು ಧಾರಾಳವಾದ ಎಣ್ಣೆಯಲ್ಲಿ ಅಂಚು ಕೆಂಪಾಗುವವರೆಗೆ ಬಾಡಿಸಿ. ಅವು ಮುಕ್ಕಾಲು ಬೆಂದ ಮೇಲಷ್ಟೇ ಹುಣಸೆ ರಸ ಹಾಕಿ, ಏಕೆಂದರೆ ಹುಳಿ ಬಿದ್ದ ಮೇಲೆ ತರಕಾರಿ ಬೇಗ ಮೆತ್ತಗಾಗುವುದಿಲ್ಲ. ರಸ ಕುದಿದು ಹಸಿ ವಾಸನೆ ಹೋದ ಮೇಲೆ ಗೊಜ್ಜಿನ ಉಪ್ಪನ್ನು ಸರಿಮಾಡಿ, ರುಚಿ ನೋಡಿ, ಆಮೇಲೆ ಬೆಲ್ಲ ಹಾಕಿ. ಉಪ್ಪು ಸರಿಹೋದ ಮೇಲೆ ಬೇಕಾಗುವ ಬೆಲ್ಲ ನೀವು ಈಗ ಹಾಕುತ್ತಿರುವುದಕ್ಕಿಂತ ಕಡಿಮೆಯೇ ಆಗುತ್ತದೆ. ಕೊನೆಯಲ್ಲಿ ಹುರಿದ ಎಳ್ಳಿನ ಪುಡಿಯನ್ನೋ ಕೊಬ್ಬರಿಯನ್ನೋ ಸೇರಿಸುವ ನಮ್ಮ ಹಳೆಯ ರೂಢಿಯೂ ವ್ಯರ್ಥವಲ್ಲ: ಅವುಗಳ ಜಿಡ್ಡು ಕಹಿಯ ಅಂಶಗಳನ್ನು ತನ್ನಲ್ಲಿ ಹಿಡಿದಿಟ್ಟುಕೊಂಡು ನಾಲಿಗೆಗೆ ನೇರವಾಗಿ ತಾಗದಂತೆ ಮಾಡುತ್ತದೆ. ಹೋಳುಗಳನ್ನು ಮಜ್ಜಿಗೆಯಲ್ಲಿ ನೆನೆಸುವವರೂ ಇದ್ದಾರೆ. ಗೊಜ್ಜಿಗಿಂತ ಅದು ಹುರಿದ ಪಲ್ಯಕ್ಕೆ ಹೊಂದುತ್ತದೆ ಎಂಬುದು ನನ್ನ ಅನುಭವ.

ಮೆಂತ್ಯ ಸೊಪ್ಪಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ದಂಟನ್ನು ಬಿಟ್ಟು ಎಲೆ ಮಾತ್ರ ಬಿಡಿಸಿಕೊಳ್ಳಿ, ಎಣ್ಣೆಯಲ್ಲಿ ಬಾಡಿಸುವಾಗ ಮುಚ್ಚಳ ಮುಚ್ಚಬೇಡಿ, ತೊಗರಿಬೇಳೆಯನ್ನೋ ಕಡಲೆಹಿಟ್ಟನ್ನೋ ಜೊತೆ ಮಾಡಿ. ಮುಂಬೈಯಲ್ಲಿ ಇರುವವರಿಗೆ ಇನ್ನೊಂದು ಅನುಕೂಲವಿದೆ. ಮರಳುನೆಲದಲ್ಲಿ ಬೆಳೆದು, ಇನ್ನೂ ಮೊಳಕೆಯ ಹಂತದಲ್ಲಿರುವಾಗಲೇ ಬೇರು ಸಹಿತ ಕಿತ್ತು ಪುಟ್ಟ ಪುಟ್ಟ ಕಟ್ಟುಗಳಾಗಿ ಮಾರುವ ‘ಸಮುದ್ರ ಮೇಥಿ’ ಇಲ್ಲಿನ ಮಾರ್ಕೆಟುಗಳಲ್ಲಿ ಸಿಗುತ್ತದೆ. ದೊಡ್ಡ ಎಲೆಯ ಮೆಂತ್ಯಕ್ಕಿಂತ ಅದರ ಕಹಿ ಸೌಮ್ಯವಾದುದು. ಮರಳು ಮಾತ್ರ ವಿಪರೀತ, ನಾಲ್ಕೈದು ನೀರಿನಲ್ಲಾದರೂ ತೊಳೆಯಬೇಕು.

ಹುಳಿ ಕಹಿಯಾಗುವುದು ಬೇರೆಯೇ ಜಾತಿಯ ತೊಂದರೆ. ಅಲ್ಲಿ ಕಹಿ ತರಕಾರಿಯಿಂದ ಬಂದದ್ದಲ್ಲ, ಒಲೆಯ ಮೇಲೆ ನಾವೇ ಹುಟ್ಟಿಸಿದ್ದು. ಹುಳಿ ಪುಡಿಗೆ ಹುರಿಯುವಾಗ ಮೆಂತ್ಯದ ಕಾಳು ಹೊಂಬಣ್ಣಕ್ಕೆ ಬಂದು ಘಮ ಎದ್ದಾಗ ಇಳಿಸಬೇಕು, ಕಂದು ಬಣ್ಣಕ್ಕೆ ತಿರುಗಿತೆಂದರೆ ಕಹಿ ಇಮ್ಮಡಿಯಾಗುತ್ತದೆ. ಬಿಸಿ ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದ ಮೇಲೂ ಅದು ಹುರಿಯುತ್ತಲೇ ಇರುತ್ತದೆ. ಒಮ್ಮೆ ನಾನು ಫೋನಿನಲ್ಲಿ ಮಾತಾಡುತ್ತಾ ಒಂದು ಚಮಚ ಮೆಂತ್ಯವನ್ನು ಹೀಗೆ ಸೀದುಕೊಂಡು, ಅರ್ಧ ಕಿಲೋ ಧನಿಯದ ಜೊತೆ ಅದನ್ನೂ ಪುಡಿ ಮಾಡಿಸಿ, ತಿಂಗಳಿಡೀ ಅದರ ಫಲ ಉಂಡದ್ದುಂಟು. ಬೆಲ್ಲ, ಹುಣಸೆ, ತೆಂಗಿನಕಾಯಿ ಎಲ್ಲವನ್ನೂ ಹಾಕಿ ನೋಡಿದೆ, ಯಾವುದೂ ಸೀದ ಕಹಿಯನ್ನು ಮುಚ್ಚಲಿಲ್ಲ. ಒಗ್ಗರಣೆಯ ಬೆಳ್ಳುಳ್ಳಿ ಕರಿದು ಕಪ್ಪಾದರೂ, ಕೊಬ್ಬರಿ ಕಮಟಾಗಿದ್ದರೂ ಇದೇ ಗತಿ. ಅಂಥ ಒಗ್ಗರಣೆಯನ್ನು ಚೆಲ್ಲಿ ಹೊಸದಾಗಿ ಹಾಕುವುದೇ ಅಗ್ಗ.

ಚಿತ್ರಾನ್ನ ಕಹಿಯಾಗುತ್ತದೆ ಎನ್ನುವವರ ಪ್ರಶ್ನೆಗೂ ಇಲ್ಲಿಯೇ ಉತ್ತರಿಸಬಹುದು. ನಿಂಬೆಯ ಬೀಜದಲ್ಲಿ ಮತ್ತು ಸಿಪ್ಪೆಯೊಳಗಿನ ಬಿಳಿ ಭಾಗದಲ್ಲಿ ಕಹಿಯಲ್ಲದ ಒಂದು ಅಂಶವಿದ್ದು, ಅದು ಹುಳಿ ರಸದೊಂದಿಗೆ ಬೆರೆತ ಮೇಲೆ ನಿಧಾನವಾಗಿ ಲಿಮೋನಿನ್ ಎಂಬ ಕಡುಕಹಿ ವಸ್ತುವಾಗಿ ಮಾರ್ಪಡುತ್ತದೆ, ಬಿಸಿ ತಾಗಿದರೆ ಇನ್ನೂ ಬೇಗ. ಹಿಂಡಿದ ಕೂಡಲೇ ಸರಿಯಾಗಿದ್ದ ರಸ ಮಧ್ಯಾಹ್ನದ ಡಬ್ಬಿ ತೆರೆಯುವ ಹೊತ್ತಿಗೆ ಕಹಿಯಾಗಿರುವುದು ಇದರಿಂದಲೇ. ಬೀಜ ತೆಗೆದು ಹಗುರವಾಗಿ ಹಿಂಡಬೇಕು, ಒಲೆಯಿಂದ ಇಳಿಸಿದ ಮೇಲೆ ಬೆರೆಸಬೇಕು.

ಇದುವರೆಗೆ ಹೇಳಿದ್ದೆಲ್ಲ ಕಹಿಯನ್ನು ತಗ್ಗಿಸುವ ಮಾತಾಯಿತು. ತಗ್ಗಿಸಲು ಹೋಗಲೇಬಾರದ ಕಹಿಯೂ ಒಂದಿದೆ. ಸೋರೆಕಾಯಿ, ಸೌತೆಕಾಯಿ, ಹೀರೆಕಾಯಿಗಳು ಸಹಜವಾಗಿ ಕಹಿಯಲ್ಲ. ಅವು ಕಹಿಯಾಗಿದ್ದರೆ ಕುಕುರ್ಬಿಟಾಸಿನ್ ಎಂಬ ವಿಷಕಾರಿ ಅಂಶ ಅವುಗಳಲ್ಲಿ ಹೆಚ್ಚಾಗಿದೆ ಎಂದೇ ತಿಳಿಯಬೇಕು. ಬೇಯಿಸಿದರೆ ಅದು ನಾಶವಾಗುವುದಿಲ್ಲ, ಉಪ್ಪು ಬೆಲ್ಲಗಳು ಅದರ ರುಚಿಯನ್ನು ಮರೆಸಬಹುದೇ ಹೊರತು ವಿಷವನ್ನು ತೆಗೆಯಲಾರವು. ಕಹಿ ಸೋರೆಕಾಯಿಯ ರಸ ಕುಡಿದವರಲ್ಲಿ ತೀವ್ರ ವಾಂತಿ, ಭೇದಿ, ಜಠರದ ರಕ್ತಸ್ರಾವ ಉಂಟಾಗಿ ಸಾವುಗಳೂ ಸಂಭವಿಸಿದ್ದರಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೊಂದು ಇದನ್ನು ಪರಿಶೀಲಿಸಿತು. 2012ರಲ್ಲಿ ಪ್ರಕಟವಾದ ಅದರ ಸಲಹೆ ಸರಳವಾಗಿದೆ: ರಸ ತೆಗೆಯುವ ಮೊದಲು ಒಂದು ಚೂರನ್ನು ರುಚಿ ನೋಡಿ, ಕಹಿಯಾಗಿದ್ದರೆ ಕಾಯಿಯನ್ನೇ ಎಸೆಯಿರಿ. ಸೌತೆಕಾಯಿಯ ತುದಿ ಕತ್ತರಿಸಿ ನೊರೆ ಬರುವಂತೆ ಉಜ್ಜುವ ಪದ್ಧತಿಯನ್ನು ನೆಚ್ಚಿಕೊಳ್ಳುವುದಕ್ಕಿಂತ ಹೆಚ್ಚುವ ಮುನ್ನ ಒಂದು ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡು ನೋಡುವುದು ಲೇಸು.

ಮಕ್ಕಳ ಬಗ್ಗೆ ಕೇಳಿದ್ದೀರಿ. ಮನುಷ್ಯನಲ್ಲಿ ಕಹಿಯನ್ನು ಗುರುತಿಸುವ ಗ್ರಾಹಕಗಳು ಸುಮಾರು 25 ಬಗೆಯವಿದ್ದು, ಹುಟ್ಟಿನಿಂದಲೇ ಅವು ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿರುತ್ತವೆ. ಸಾಮಾನ್ಯವಾಗಿ ಮಕ್ಕಳಿಗೆ ಕಹಿ ದೊಡ್ಡವರಿಗಿಂತ ಜೋರಾಗಿ ತಾಗುತ್ತದೆ. ಅತ್ತೆಯವರಿಗೆ ಹಿತವಾದದ್ದು ಮೊಮ್ಮಕ್ಕಳಿಗೆ ಹಿತವಾಗದಿದ್ದರೆ ಅದು ಹಟವೇ ಆಗಿರಬೇಕೆಂದಿಲ್ಲ. ಅವರಿಗೆ ಹಾಗಲದಿಂದಲೇ ಶುರುಮಾಡುವ ಅಗತ್ಯವೂ ಇಲ್ಲ. ಮಳೆಗಾಲದಲ್ಲಿ ಮುಂಬೈ, ಪುಣೆಗಳಲ್ಲಿ ಕರ್ಟೋಲಿ ಎಂದು, ಗೋವೆಯಲ್ಲಿ ಫಾಗ್ಲಾಂ ಎಂದು ಮಾರುವ ಗುಂಡಗಿನ ಮುಳ್ಳುಕಾಯಿ ನಮ್ಮ ಮಡಹಾಗಲವೇ. ಹಾಗಲದ ಹತ್ತಿರದ ಸಂಬಂಧಿಯಾದರೂ ಅದರಲ್ಲಿ ಕಹಿ ಬಹಳ ಕಡಿಮೆ. ತೆಳ್ಳಗೆ ಬಿಲ್ಲೆ ಮಾಡಿ, ಉಪ್ಪು ಖಾರ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಗರಿಗರಿಯಾಗಿ ಸುಟ್ಟುಕೊಡಿ. ಬಲಿತ ಕಾಯಿಯ ಬೀಜ ಹಲ್ಲಿಗೆ ಸಿಕ್ಕಿ ರಗಳೆ ಮಾಡುತ್ತದೆ, ಎಳೆಯದನ್ನೇ ಆರಿಸಿ ತನ್ನಿ.