ಎಂಜಿನ್ ಆಯಿಲ್ ಇಷ್ಟು ತೆಳ್ಳಗಾದದ್ದು ಹೇಗೆ?

ಡಿಪ್‌ಸ್ಟಿಕ್ ಎಳೆದು, ಆಯಿಲನ್ನು ಎರಡು ಬೆರಳ ನಡುವೆ ಉಜ್ಜಿ, "ಇದೇನ್ ಸಾರ್, ನೀರಿದ್ದಂಗಿದೆ" ಅನ್ನೋ ಮೆಕ್ಯಾನಿಕ್ಕನ್ನು ನೀವೂ ನೋಡಿರುತ್ತೀರಿ. ಅವರ ಕೈ ಪಳಗಿದ್ದು 20ಡಬ್ಲ್ಯು-50 ಅನ್ನೋ ಗಟ್ಟಿ ಆಯಿಲಲ್ಲಿ. ಈಗಿನ ಕಾರಿನ ಮ್ಯಾನ್ಯುಯಲ್ ಹೇಳೋದು 0ಡಬ್ಲ್ಯು-20, ಕೆಲವು ಕಾರಿಗೆ 0ಡಬ್ಲ್ಯು-16.

1911ರಲ್ಲಿ ಅಮೆರಿಕದ ಎಸ್‌ಎಇ ಅನ್ನೋ ವಾಹನ ಎಂಜಿನಿಯರ್‌ಗಳ ಸಂಘ ಆಯಿಲ್‌ಗೆ ನಂಬರ್ ಕೊಟ್ಟಿತು, 1950ರ ದಶಕದಲ್ಲಿ ಚಳಿಗೂ ಸೆಕೆಗೂ ಒಂದೇ ಆಯಿಲ್ ಸಾಕು ಅನ್ನೋ ಮಲ್ಟಿಗ್ರೇಡ್ ಬಂತು. ಡಬ್ಲ್ಯು ಅಂದರೆ ವಿಂಟರ್. ಮೊದಲ ನಂಬರ್ ಚಳಿಯಲ್ಲಿ ಆಯಿಲ್ ಎಷ್ಟು ಗಟ್ಟಿ ಅಂತ, ಎರಡನೆಯದು ಎಂಜಿನ್ ಕಾದಾಗ ಎಷ್ಟು ಗಟ್ಟಿ ಅಂತ; ನಂಬರ್ ಚಿಕ್ಕದಾದಷ್ಟೂ ಆಯಿಲ್ ತೆಳ್ಳಗೆ.

ಆಮೇಲೆ ಬದಲಾದದ್ದು ಎಂಜಿನ್. ಎರಕದ ಕಬ್ಬಿಣದ ಎಂಜಿನ್ನಿನ ಹಳೆ ಬುಲೆಟ್ ಬೈಕ್ ತಗೊಳ್ಳಿ. ತಣಿಯೋದು ಬರೀ ಗಾಳಿಯಿಂದ. ಸಿಗ್ನಲ್‌ನಲ್ಲಿ ನಿಂತರೆ ಕಾದು ಕೆಂಡ, ಆಯಿಲ್ ತಾನಾಗೇ ತೆಳ್ಳಗಾಗುತ್ತದೆ. ಅದಕ್ಕೇ ಮೊದಲೇ ಗಟ್ಟಿ ಇರೋದನ್ನ ಹಾಕುತ್ತಿದ್ದರು. ಕಾರಿನಲ್ಲಿ ಕ್ರ್ಯಾಂಕ್‌ಗೂ (ಪಿಸ್ಟನ್‌ಗಳು ತಿರುಗಿಸೋ ದಂಡ) ಅದನ್ನು ಹಿಡಿದಿರೋ ಬೇರಿಂಗ್‌ಗೂ ನಡುವಿನ ಸಂದು ಒಂದು ಮಿಲಿಮೀಟರ್‌ನ ನೂರರಲ್ಲಿ ಕೆಲವೇ ಭಾಗ. ಕ್ರ್ಯಾಂಕ್ ತಿರುಗುವಾಗ ಲೋಹಕ್ಕೆ ತಾಗದೆ ಆಯಿಲಿನ ಪದರದ ಮೇಲೆ ತೇಲುತ್ತದೆ. ಸಂದು ದೊಡ್ಡದಾಗಿ ಆಯಿಲ್ ತೆಳ್ಳಗಿದ್ದರೆ ಅದು ಪಕ್ಕದಿಂದ ಜಾರಿಹೋಗಿ ಪ್ರೆಷರ್ ಬೀಳುತ್ತದೆ, ಸಂದು ಚಿಕ್ಕದಾಗಿ ಆಯಿಲ್ ಗಟ್ಟಿ ಇದ್ದರೆ ಎಂಜಿನ್ ಸುಮ್ನೆ ಒದ್ದಾಡುತ್ತದೆ. ಮೇಲಾಗಿ ಈಗ ವಾಲ್ವ್ ಟೈಮಿಂಗ್ (ವಾಲ್ವ್ ತೆರೆದು ಮುಚ್ಚೋ ಹೊತ್ತು) ಬದಲಿಸೋದೂ ಆಯಿಲ್ ಪ್ರೆಷರ್ರೇ. ಆ ಸಣ್ಣ ದಾರಿಗಳಲ್ಲಿ ಗಟ್ಟಿ ಆಯಿಲ್ ತಡವಾಗಿ ಓಡಿದರೆ ಚೆಕ್ ಎಂಜಿನ್ ಲೈಟ್ ಹತ್ತಬಹುದು. ಹಾಗಾಗಿ ಹೊಸ ಕಾರಿಗೆ 20ಡಬ್ಲ್ಯು-50 ಸುರಿಯೋದು ಉಪಕಾರವಲ್ಲ.

ಇಷ್ಟೇ ಆಗಿದ್ದರೆ, ತೆಳು ಆಯಿಲ್ ಎಂಜಿನ್ನಿಗೋಸ್ಕರವೋ ಮೈಲೇಜಿಗೋಸ್ಕರವೋ ಅನ್ನೋ ಜಗಳವೇ ಇರುತ್ತಿರಲಿಲ್ಲ. 1975ರಲ್ಲಿ ಅಮೆರಿಕ ಮೈಲೇಜ್ ಕಾನೂನು ತಂತು. 2001ರ ಹೊತ್ತಿಗೆ ಫೋರ್ಡ್, ಹೋಂಡಾ ಅಲ್ಲಿ 5ಡಬ್ಲ್ಯು-20ಕ್ಕೆ ಇಳಿದವು. ನಮ್ಮಲ್ಲೂ 2017ರಿಂದ ಕಾರ್ ಕಂಪನಿಯ ಸರಾಸರಿ ಕಾರ್ಬನ್ ಡೈ ಆಕ್ಸೈಡ್ ಕಿಲೋಮೀಟರ್‌ಗೆ 130 ಗ್ರಾಂ ಮೀರಬಾರದು ಅಂತಾಯ್ತು, 2022ರಿಂದ 113. ಪೆಟ್ರೋಲ್ ಕಡಿಮೆ ಉರಿದರೆ ಇದೂ ಕಡಿಮೆ. ತೆಳು ಆಯಿಲಿಂದ ಉಳಿಯೋ ಪೆಟ್ರೋಲ್ ಒಂದು ಕಾರಿಗೆ ಚಿಲ್ಲರೆ. ಲಕ್ಷಗಟ್ಟಲೆ ಕಾರ್ ಮಾರುವವರಿಗೆ ಚಿಲ್ಲರೆ ಅಲ್ಲ ಅಲ್ವಾ? ಒಂದೇ ಎಂಜಿನ್‌ಗೆ ಒಂದು ದೇಶದ ಮ್ಯಾನ್ಯುಯಲ್‌ನಲ್ಲಿ ಒಂದೇ ನಂಬರ್, ಇನ್ನೊಂದು ದೇಶದಲ್ಲಿ ಹವೆ ನೋಡಿ ಆರಿಸಿಕೊಳ್ಳಿ ಅಂತ ನಾಲ್ಕೈದು ನಂಬರ್ ಇರೋದನ್ನ ನೋಡಿದರೆ ನಂಗಂತೂ ಇದು ಬರೀ ಬೇರಿಂಗ್ ಲೆಕ್ಕ ಅನಿಸಲ್ಲ.

2025ರಲ್ಲಿ ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಕಂಪನಿಯವರು 6.2 ಲೀಟರ್ ವಿ8 ಎಂಜಿನ್ ಇರುವ ತಮ್ಮ ಸುಮಾರು 6 ಲಕ್ಷ ಗಾಡಿಗಳನ್ನು ವಾಪಸ್ ಕರೆದರು. ಕ್ರ್ಯಾಂಕ್ ಮತ್ತು ಕನೆಕ್ಟಿಂಗ್ ರಾಡ್ ತಯಾರಿಕೆಯ ದೋಷ ಅಂದರು, ಆಯಿಲ್ ಮೇಲೆ ದೂರಿಲ್ಲ. ಆದರೆ ತಪಾಸಣೆಯಲ್ಲಿ ಪಾಸಾದ ಎಂಜಿನ್‌ಗಳಿಗೆ 0ಡಬ್ಲ್ಯು-20 ತೆಗೆದು 0ಡಬ್ಲ್ಯು-40 ಹಾಕಿದರು. ಜೊತೆಗೆ ಆಯಿಲ್ ಸುರಿಯೋ ಬಾಯಿಯ, ನಂಬರ್ ಬರೆದಿರೋ ಮುಚ್ಚಳವನ್ನೂ ಬದಲಿಸಿದರು.