ಲೀಟರಿನಲ್ಲಿ ಮಾರುವ ಚೀಲ, ಸೆಂಟಿಮೀಟರಿನಲ್ಲಿ ಅಳೆಯುವ ವಿಮಾನ

ಬೆನ್ನಿಗೇರಿಸುವ ಚೀಲಗಳನ್ನು ಅಂಗಡಿಯವರು ಲೀಟರ್ ಲೆಕ್ಕದಲ್ಲಿ ಮಾರುತ್ತಾರೆ. ಅದೇ ಚೀಲವನ್ನು ವಿಮಾನದೊಳಗೆ ಬಿಡಬೇಕೋ ಬೇಡವೋ ಎಂಬುದನ್ನು ವಿಮಾನಯಾನ ಸಂಸ್ಥೆಗಳು ಸೆಂಟಿಮೀಟರ್ ಮತ್ತು ಕಿಲೋಗ್ರಾಂ ನೋಡಿ ತೀರ್ಮಾನಿಸುತ್ತವೆ. ಈ ಎರಡು ಲೆಕ್ಕಗಳ ನಡುವೆ ನೇರವಾದ ಸಂಬಂಧವೇನೂ ಇಲ್ಲ. 40 ಲೀಟರಿನ ಒಂದು ಚೀಲ ಯಾವ ತಕರಾರೂ ಇಲ್ಲದೆ ಕ್ಯಾಬಿನ್ನಿನೊಳಗೆ ಹೋಗಬಹುದು. ಅಷ್ಟೇ ಲೀಟರಿನ ಇನ್ನೊಂದು ಚೀಲ, ಚಾರಣಕ್ಕೆಂದು ಉದ್ದವಾಗಿ ಹೊಲಿದದ್ದಾದರೆ, ಗೇಟಿನಲ್ಲೇ ನಿಲ್ಲಬೇಕಾಗುತ್ತದೆ. ಆದ್ದರಿಂದ ‘ಎಷ್ಟು ಲೀಟರಿನದು ಕೊಳ್ಳಲಿ?’ ಎಂದು ಮೊದಲೇ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಮೊದಲು ಮೂರು ಅಳತೆಗಳು, ಆಮೇಲೆ ತೂಕ, ಆಮೇಲೆ ಹೊರುವವರ ಬೆನ್ನು. ಇವು ಮೂರೂ ಗೊತ್ತಾದ ಮೇಲೆ ಲೀಟರಿನ ಸಂಖ್ಯೆ ತಾನಾಗಿ ಹೊರಬರುತ್ತದೆ.

ಲೀಟರಿನ ಸಂಖ್ಯೆ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಅದರ ಮಿತಿಯೂ ತಿಳಿಯುತ್ತದೆ. ಬೆನ್ನುಚೀಲದ ಗಾತ್ರ ಅಳೆಯಲು, ಮಾನದಂಡಗಳನ್ನು ರೂಪಿಸುವ ಎಎಸ್‌ಟಿಎಂ ಸಂಸ್ಥೆಯ ಎಫ್ 2153 ಎಂಬ ಮಾನದಂಡವಿದೆ. ಅದರ ಪ್ರಕಾರ 20 ಮಿಲಿಮೀಟರ್ ವ್ಯಾಸದ ಪ್ಲಾಸ್ಟಿಕ್ ಗೋಲಿಗಳನ್ನು ಚೀಲದೊಳಕ್ಕೆ ಸುರಿದು ತುಂಬಿಸಿ, ಅವೇ ಗೋಲಿಗಳನ್ನು ಅಳತೆಯ ಪಾತ್ರೆಗೆ ಬಗ್ಗಿಸಿ ಎಷ್ಟು ಲೀಟರಾಯಿತೆಂದು ನೋಡುತ್ತಾರೆ. ಎಲ್ಲ ತಯಾರಕರೂ ಈ ವಿಧಾನವನ್ನೇ ಅನುಸರಿಸುವುದಿಲ್ಲ. ಅನುಸರಿಸಿದರೂ ಅದು ಹೇಳುವುದು ಒಳಗೆ ಎಷ್ಟು ಹಿಡಿಯುತ್ತದೆ ಎಂಬುದನ್ನು ಮಾತ್ರ. ಹೊರಗಿನಿಂದ ಚೀಲ ಎಷ್ಟು ಜಾಗ ಆಕ್ರಮಿಸುತ್ತದೆ, ಬೆನ್ನಿನ ಕಡೆಯ ಸ್ಪಂಜು ಎಷ್ಟು ದಪ್ಪ, ಹಿಡಿಕೆ ಎಷ್ಟು ಮೇಲೆ ಚಾಚಿದೆ ಎಂಬುದನ್ನು ಗೋಲಿಗಳು ಹೇಳಲಾರವು.

ಈಗ ನಿಯಮಗಳನ್ನು ನೋಡೋಣ. ಇಂಡಿಗೋ ವಿಮಾನಗಳಲ್ಲಿ ಕೈಸಾಮಾನಿನ ಮಿತಿ 55×35×25 ಸೆಂಟಿಮೀಟರ್. ಏರ್ ಇಂಡಿಯಾದಲ್ಲಿ 55×40×20. ಎಕಾನಮಿ ದರ್ಜೆಗೆ ಎರಡರಲ್ಲೂ ತೂಕದ ಮಿತಿ 7 ಕಿಲೋ. ಮೂರು ಅಳತೆಗಳನ್ನು ಕೂಡಿಸಿದರೆ ಎರಡರಲ್ಲೂ 115 ಬರುತ್ತದೆ. ಈ 115 ಭಾರತದ ಪ್ರಯಾಣಿಕರಿಗೆ ಮತ್ತೆ ಮತ್ತೆ ಎದುರಾಗುವ ಸಂಖ್ಯೆ: ಸಿಂಗಪುರ್ ಏರ್‌ಲೈನ್ಸ್ ಈ ಮೊತ್ತವನ್ನೇ ಮಿತಿಯಾಗಿ ಹೇಳುತ್ತದೆ, ಎಮಿರೇಟ್ಸ್ ಕೂಡ ಭಾರತದಿಂದ ಹೊರಡುವವರಿಗೆ ಇದನ್ನೇ ಅನ್ವಯಿಸುತ್ತದೆ. ಆದರೆ ಮೊತ್ತವೊಂದೇ ಚೀಲದ ಗಾತ್ರವನ್ನು ನಿರ್ಧರಿಸಲಾರದು. 65, 30, 20 ಕೂಡಿದರೂ 115. ಆ ಪೆಟ್ಟಿಗೆಯ ಗಾತ್ರ 39 ಲೀಟರ್. 55×40×20ರ ಪೆಟ್ಟಿಗೆ 44 ಲೀಟರ್, 55×35×25ರದ್ದು 48 ಲೀಟರ್. ಮೂರೂ ಬದಿಗಳು ಸಮವಾಗಿ 38.3 ಸೆಂಟಿಮೀಟರ್ ಇರುವ ಘನಾಕೃತಿಯಾದರೆ ಅದೇ 115ರ ಮೊತ್ತದಲ್ಲಿ 56 ಲೀಟರ್ ಹಿಡಿಸಬಹುದು. ಗಣಿತಕ್ಕೆ ಅದು ಅತಿ ದೊಡ್ಡ ಪೆಟ್ಟಿಗೆ, ಬೆನ್ನಿಗೆ ಅತಿ ಕೆಟ್ಟ ಪೆಟ್ಟಿಗೆ.

ಹೋಗುವಾಗ ಒಂದು ಸಂಸ್ಥೆಯ ವಿಮಾನ, ಬರುವಾಗ ಇನ್ನೊಂದರದು ಎಂಬುದು ಈಗ ಸಾಮಾನ್ಯ. ಆಗ ಎರಡೂ ನಿಯಮಗಳಿಗೆ ಒಪ್ಪುವ ಚೀಲ ಬೇಕು. ಅಂದರೆ ಪ್ರತಿಯೊಂದು ಬದಿಗೂ ಎರಡು ಮಿತಿಗಳಲ್ಲಿ ಚಿಕ್ಕದನ್ನೇ ಆರಿಸಿಕೊಳ್ಳಬೇಕು. ಇಂಡಿಗೋದಿಂದ 35ರ ಅಗಲ, ಏರ್ ಇಂಡಿಯಾದಿಂದ 20ರ ದಪ್ಪ ತೆಗೆದುಕೊಂಡರೆ ಉಳಿಯುವುದು 55×35×20, ಅಂದರೆ 38.5 ಲೀಟರಿನ ಪೆಟ್ಟಿಗೆ. ಈ ಅಳತೆಗೆ ಒಂದು ಚರಿತ್ರೆಯೂ ಇದೆ. ವಿಮಾನಯಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಟಿಎ 2015ರ ಜೂನ್ ತಿಂಗಳಲ್ಲಿ ‘ಕ್ಯಾಬಿನ್ ಓಕೆ’ ಎಂಬ ಹೆಸರಿನಲ್ಲಿ ಸರಿಯಾಗಿ ಇದೇ 55×35×20ರ ಅಳತೆಯನ್ನು ಮುಂದಿಟ್ಟಿತ್ತು. ಎಲ್ಲರೂ ಈ ಅಳತೆಯ ಚೀಲ ತಂದರೆ 120 ಅಥವಾ ಅದಕ್ಕಿಂತ ಹೆಚ್ಚು ಆಸನಗಳ ವಿಮಾನಗಳಲ್ಲಿ ಪ್ರತಿಯೊಬ್ಬರ ಚೀಲಕ್ಕೂ ಮೇಲೆ ಜಾಗ ಸಿಗುತ್ತದೆ ಎಂಬುದು ಅದರ ಹಿಂದಿನ ತರ್ಕ. ಅಮೆರಿಕದಲ್ಲಿ ರೂಢಿಯಲ್ಲಿರುವ 56×36×23ರ ಅಳತೆಗಿಂತ ಇದು ಸುಮಾರು ಆರನೇ ಒಂದು ಭಾಗದಷ್ಟು ಚಿಕ್ಕದಾದ್ದರಿಂದ, ಜನರು ಈಗಾಗಲೇ ಕೊಂಡಿದ್ದ ಚೀಲಗಳೆಲ್ಲ ವ್ಯರ್ಥವಾಗುತ್ತವೆ ಎಂದು ಅಲ್ಲಿ ದೊಡ್ಡ ವಿರೋಧ ಎದ್ದಿತು. ಕೆಲವೇ ದಿನಗಳಲ್ಲಿ ಐಎಟಿಎ ಯೋಜನೆಯನ್ನು ತಡೆಹಿಡಿಯಿತು. ಜಗತ್ತಿಗೆಲ್ಲ ಒಂದೇ ಅಳತೆ ಎಂಬುದು ಅಲ್ಲಿಗೆ ನಿಂತುಹೋಯಿತು. ಆದರೂ ಭಾರತದಿಂದ ಹೊರಡುವವರಿಗೆ ಆ ಪೆಟ್ಟಿಗೆ ಇಂದಿಗೂ ಅತ್ಯುತ್ತಮ ಮಾರ್ಗದರ್ಶಿ ಎಂದು ನಾನು ನಂಬುತ್ತೇನೆ.

ಇಲ್ಲಿಯವರೆಗೆ ಚೀಲವನ್ನು ಗಟ್ಟಿಯಾದ ಪೆಟ್ಟಿಗೆಯೆಂದೇ ಭಾವಿಸಿದೆವು. ಬಟ್ಟೆಯ ಚೀಲ ಹಾಗಿರುವುದಿಲ್ಲ, ಮತ್ತು ಬಹುಪಾಲು ತೊಂದರೆ ಹುಟ್ಟುವುದೇ ಇಲ್ಲಿ. 35 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ದಪ್ಪದ ಚೀಲವನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಕಾಣುವ ಆಯತದ ಸುತ್ತಳತೆ 110 ಸೆಂಟಿಮೀಟರ್, ವಿಸ್ತೀರ್ಣ 700 ಚದರ ಸೆಂಟಿಮೀಟರ್. ಬಟ್ಟೆ ಹಿಗ್ಗುವುದಿಲ್ಲ, ಸುತ್ತಳತೆ ಬದಲಾಗುವುದಿಲ್ಲ; ಆದರೆ ಅದೇ ಸುತ್ತಳತೆಯೊಳಗೆ ಅತಿ ಹೆಚ್ಚು ಜಾಗ ಕೊಡುವ ಆಕಾರ ಆಯತವಲ್ಲ, ವೃತ್ತ. 110 ಸೆಂಟಿಮೀಟರ್ ಸುತ್ತಳತೆಯ ವೃತ್ತದ ವಿಸ್ತೀರ್ಣ ಸುಮಾರು 963 ಚದರ ಸೆಂಟಿಮೀಟರ್, ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚಿನ ಲಾಭ. ಹಾಗಾಗಿ ನಾವು ಒಳಗೆ ಇನ್ನೊಂದು ಅಂಗಿ, ಇನ್ನೊಂದು ಟವೆಲ್ ತುರುಕುತ್ತ ಹೋದಂತೆ ಚೀಲ, ತುಂಬಿದ ಅಕ್ಕಿಮೂಟೆಯ ಹಾಗೆ, ದುಂಡಗಾಗಲು ಹವಣಿಸುತ್ತದೆ. ಆ ವೃತ್ತದ ವ್ಯಾಸ ಎಷ್ಟು? 110ನ್ನು 3.14ರಿಂದ ಭಾಗಿಸಿದರೆ 35. ಅಗಲ ಇದ್ದಷ್ಟೇ ಉಳಿಯಿತು. ದಪ್ಪ ಮಾತ್ರ 20ರಿಂದ 35ರ ಕಡೆಗೆ ಬೆಳೆಯಿತು. ಬೆನ್ನಿನ ಪಟ್ಟಿ, ಒಳಗಿನ ಚೌಕಟ್ಟು ಇವುಗಳಿಂದಾಗಿ ಚೀಲ ಪೂರ್ತಿ ದುಂಡಗಾಗುವುದಿಲ್ಲ ನಿಜ, ಆದರೆ ಮೊದಲು ಮಿತಿ ಮೀರುವ ಅಳತೆ ಯಾವಾಗಲೂ ದಪ್ಪವೇ ಏಕೆ ಎಂಬುದಕ್ಕೆ ಕಾರಣ ಇದು. ಎರಡೂ ಪಕ್ಕಗಳಲ್ಲಿ ಬಿಗಿಯುವ ಪಟ್ಟಿಗಳಿರುವ ಚೀಲವನ್ನೇ ಆರಿಸಬೇಕೆನ್ನುವುದು ಅಲಂಕಾರದ ಮಾತಲ್ಲ. ಆ ಪಟ್ಟಿಗಳು ದುಂಡಗಾಗಲು ಹೊರಟ ಬಟ್ಟೆಯನ್ನು ಮತ್ತೆ ಚಪ್ಪಟೆಯಾಗಿಸುತ್ತವೆ. ಮುಂಭಾಗದಲ್ಲಿ ಒಂದರ ಮೇಲೊಂದು ಜೇಬುಗಳಿರುವ ಚೀಲ ಈ ದೃಷ್ಟಿಯಿಂದ ಒಳ್ಳೆಯದಲ್ಲ, ಏಕೆಂದರೆ ಪ್ರತಿಯೊಂದು ಜೇಬೂ ದಪ್ಪದ ದಿಕ್ಕಿನಲ್ಲೇ ಉಬ್ಬುತ್ತದೆ.

ಆದಕಾರಣ ಅಳತೆಯನ್ನು ಖಾಲಿ ಚೀಲದ ಮೇಲೆ ತೆಗೆಯುವುದರಲ್ಲಿ ಅರ್ಥವಿಲ್ಲ. ಪ್ರಯಾಣಕ್ಕೆ ಒಯ್ಯುವಷ್ಟನ್ನೂ ತುಂಬಿ, ಚೀಲವನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಮುಂಭಾಗಕ್ಕೆ ಒಂದು ಹಲಗೆಯನ್ನೋ ದಪ್ಪ ಪುಸ್ತಕವನ್ನೋ ಗೋಡೆಗೆ ಸಮಾನಾಂತರವಾಗಿ ತಾಗಿಸಿ, ಗೋಡೆಯಿಂದ ಹಲಗೆಯವರೆಗಿನ ದೂರವನ್ನು ಅಳೆಯಬೇಕು. ಹಿಡಿಕೆ, ಭುಜದ ಪಟ್ಟಿ, ಚಕ್ರಗಳಿದ್ದರೆ ಚಕ್ರ, ಪಕ್ಕದಲ್ಲಿ ಸಿಕ್ಕಿಸಿದ ನೀರಿನ ಬಾಟಲಿ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಗೇಟಿನ ಬಳಿ ಇಟ್ಟಿರುವ ಲೋಹದ ಚೌಕಟ್ಟು ಅಳೆಯುವುದು ಉಬ್ಬಿನ ತುದಿಯನ್ನೇ ಹೊರತು ಸರಾಸರಿ ದಪ್ಪವನ್ನಲ್ಲ.

ತೂಕದ ಮಾತಿಗೆ ಬಂದರೆ, 7 ಕಿಲೋದ ಮಿತಿಯನ್ನು ಸಂಸ್ಥೆಗಳು ಹಣಕ್ಕಾಗಿ ಮಾತ್ರ ಇಟ್ಟಿವೆ ಎಂದು ಹಲವರು ತಿಳಿದಿದ್ದಾರೆ. ಹಣದ ವಿಚಾರ ಇಲ್ಲವೆಂದಲ್ಲ, ಆದರೆ ಭೌತಶಾಸ್ತ್ರವೂ ಇದೆ. ತಲೆಯ ಮೇಲಿನ ಕಪಾಟಿನಲ್ಲಿ ಎಷ್ಟು ತೂಕ ಇಡಬಹುದೆಂಬ ಗರಿಷ್ಠ ಮಿತಿಯನ್ನು ಆ ಕಪಾಟಿನ ಮೇಲೆಯೇ ನಮೂದಿಸಿರುತ್ತಾರೆ. ದೊಡ್ಡ ಪ್ರಯಾಣಿಕ ವಿಮಾನಗಳ ವಿನ್ಯಾಸಕ್ಕೆ ಅಮೆರಿಕ ಮತ್ತು ಯುರೋಪಿನಲ್ಲಿ ಇರುವ ನಿಯಮಗಳ ಪ್ರಕಾರ, ತುರ್ತು ಭೂಸ್ಪರ್ಶದ ಸಂದರ್ಭದಲ್ಲಿ ಆ ತೂಕವು ಮುಂದಿನ ದಿಕ್ಕಿಗೆ ಗುರುತ್ವದ 9 ಪಟ್ಟು, ಕೆಳಮುಖವಾಗಿ 6 ಪಟ್ಟು, ಮೇಲ್ಮುಖವಾಗಿ 3 ಪಟ್ಟು ಬಲದಿಂದ ತಳ್ಳಿದರೂ ಕಪಾಟು ಅದನ್ನು ಹಿಡಿದಿಡಬೇಕು. 7 ಕಿಲೋದ ಚೀಲ ಆ ಕ್ಷಣದಲ್ಲಿ 63 ಕಿಲೋ ತೂಕದಂತೆ ಮುಂದಕ್ಕೆ ಒತ್ತುತ್ತದೆ. 12 ಕಿಲೋದ ಚೀಲವಾದರೆ 108 ಕಿಲೋ. ಇನ್ನೊಂದು ಲೆಕ್ಕವೂ ಇದೆ. 186 ಆಸನಗಳ ಎ320 ವಿಮಾನದಲ್ಲಿ ಪ್ರತಿಯೊಬ್ಬರೂ ಬರೀ 3 ಕಿಲೋ ಹೆಚ್ಚು ತಂದರೆ ಸುಮಾರು 560 ಕಿಲೋ ಹೆಚ್ಚಾಗುತ್ತದೆ. ಹೋಲ್ಡಿಗೆ, ಅಂದರೆ ವಿಮಾನದ ಕೆಳಗಿನ ಸರಕುಕೋಣೆಗೆ, ಹೋಗುವ ಪೆಟ್ಟಿಗೆಗಳನ್ನು ತೂಗುತ್ತಾರೆ. ಕೈಸಾಮಾನನ್ನು ಬಹುಮಟ್ಟಿಗೆ ಅಂದಾಜಿನಲ್ಲಿ ಸೇರಿಸಿಕೊಳ್ಳುತ್ತಾರೆ. ಅಂದಾಜು ನಿಜವಾಗಿರಬೇಕಾದರೆ ಮಿತಿ ಪಾಲನೆಯಾಗಬೇಕು.

ಈ ತೂಕದ ಮಿತಿಯೇ ಲೀಟರಿನ ಪ್ರಶ್ನೆಗೂ ಉತ್ತರ ಕೊಡುತ್ತದೆ. ಮಡಚಿ ಜೋಡಿಸಿದ ಹತ್ತಿಬಟ್ಟೆಗಳು ಲೀಟರಿಗೆ ಸ್ಥೂಲವಾಗಿ 200ರಿಂದ 250 ಗ್ರಾಂ ತೂಗುತ್ತವೆ. ಒಂದು ಬಕೆಟ್ ಮತ್ತು ಅಡುಗೆಮನೆಯ ತಕ್ಕಡಿ ಇದ್ದರೆ ಯಾರು ಬೇಕಾದರೂ ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಚೌಕಟ್ಟಿರುವ ಬೆನ್ನುಚೀಲದ ಸ್ವಂತ ತೂಕ ಸುಮಾರು ಒಂದೂವರೆ ಕಿಲೋ ಎಂದುಕೊಂಡರೆ 7 ಕಿಲೋದಲ್ಲಿ ಉಳಿಯುವುದು ಐದೂವರೆ. ಅಷ್ಟು ಬಟ್ಟೆಗೆ ಬೇಕಾದ ಜಾಗ 22ರಿಂದ 28 ಲೀಟರ್ ಮಾತ್ರ. ಚಾರ್ಜರ್, ಚಪ್ಪಲಿ, ಸೋಪು, ಪುಸ್ತಕ ಸೇರಿದರೆ ಸಾಂದ್ರತೆ ಇನ್ನೂ ಏರುತ್ತದೆ, ಜಾಗ ಇನ್ನೂ ಕಡಿಮೆ ಸಾಕು. ಊರಿಂದ ಚಟ್ನಿಪುಡಿ, ಹುರಿಗಾಳು, ಬೆಲ್ಲ ಕಟ್ಟಿಕೊಂಡು ಬೆಂಗಳೂರಿಗೋ ದುಬೈಗೋ ಮರಳುವವರ ಚೀಲವಂತೂ ಅರ್ಧ ತುಂಬುವಷ್ಟರಲ್ಲೇ 7 ಕಿಲೋ ದಾಟಿರುತ್ತದೆ. ಆದ್ದರಿಂದ 7 ಕಿಲೋದ ನಿಯಮವಿರುವಲ್ಲಿ ಓಡಾಡುವವರಿಗೆ 28ರಿಂದ 32 ಲೀಟರಿನ ಚೀಲವೇ ಸರಿಯಾದದ್ದು. ‘ಕ್ಯಾಬಿನ್‌ಗೆ 40 ಲೀಟರ್’ ಎಂಬ ಪ್ರಚಲಿತ ಸಲಹೆ ಅಮೆರಿಕದ ಪ್ರಯಾಣಿಕರಿಗೆ ಹೊಂದುತ್ತದೆ, ಏಕೆಂದರೆ ಅಲ್ಲಿನ ದೊಡ್ಡ ಸಂಸ್ಥೆಗಳು ಕೈಸಾಮಾನಿಗೆ ಸಾಮಾನ್ಯವಾಗಿ ತೂಕದ ಮಿತಿಯನ್ನೇ ಹೇಳುವುದಿಲ್ಲ. ಇಲ್ಲಿ ಅದೇ ಸಲಹೆ ಪಾಲಿಸಿದರೆ ಖಾಲಿ ಉಳಿಯುವ ಹತ್ತು ಲೀಟರ್ ಜಾಗ ನಮ್ಮನ್ನು ತುಂಬು ತುಂಬು ಎಂದು ಪ್ರೇರೇಪಿಸುತ್ತಲೇ ಇರುತ್ತದೆ.

ಚಕ್ರದ ಪೆಟ್ಟಿಗೆಗಿಂತ ಬೆನ್ನುಚೀಲ ಮೇಲೆನ್ನಲು ಮುಖ್ಯ ಕಾರಣವೂ ತೂಕವೇ. ಚಕ್ರ, ಸರಳು, ಗಟ್ಟಿ ಕವಚಗಳಿರುವ ಕ್ಯಾಬಿನ್ ಪೆಟ್ಟಿಗೆ ಖಾಲಿಯಿರುವಾಗಲೇ ಎರಡೂವರೆಯಿಂದ ಮೂರು ಕಿಲೋ ತೂಗುವುದುಂಟು. ಹಾಗಾದರೆ ನಮ್ಮ ಸಾಮಾನಿಗೆ ಉಳಿಯುವುದು ನಾಲ್ಕು ಕಿಲೋ ಚಿಲ್ಲರೆ.

ಯುರೋಪಿನ ಅಗ್ಗದ ವಿಮಾನಗಳಲ್ಲಿ ಓಡಾಡುವವರು ಬೇರೆಯದೇ ಲೆಕ್ಕ ಹಾಕಬೇಕು. ಅಲ್ಲಿ ಟಿಕೆಟ್ ದರದಲ್ಲೇ ಸೇರಿರುವುದು ಮುಂದಿನ ಆಸನದ ಕೆಳಗೆ ಇಡುವ ಪುಟ್ಟ ಚೀಲ ಮಾತ್ರ. ವಿಜ್ ಏರ್‌ನಲ್ಲಿ ಅದರ ಮಿತಿ 40×30×20, ಅಂದರೆ 24 ಲೀಟರ್. ರಯಾನ್ಏರ್ ಕೂಡ 2025ರಲ್ಲಿ ತನ್ನ ಹಿಂದಿನ 40×20×25ರಿಂದ ಇದೇ ಅಳತೆಗೆ ಬಂದಿತು. ಈಜಿಜೆಟ್ 45×36×20ನ್ನು ಒಪ್ಪುತ್ತದೆ. ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಕಾಲೇಜಿಗೆ ಒಯ್ಯುವ 20–24 ಲೀಟರಿನ ಚೀಲವೇ ವಾರಾಂತ್ಯದ ಪ್ರವಾಸಕ್ಕೂ ಸಾಕು. ಈ ಅಳತೆಗಳು ಆಗಾಗ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ದಿನವೇ ಆಯಾ ಸಂಸ್ಥೆಯ ನಿಯಮವನ್ನು ನೋಡಿಕೊಳ್ಳುವುದು ಕ್ಷೇಮ.

ಇನ್ನು ಹೊರುವವರ ಬೆನ್ನು. ಬೆನ್ನುಚೀಲ ಹೊಂದಬೇಕಾದದ್ದು ವ್ಯಕ್ತಿಯ ಎತ್ತರಕ್ಕಲ್ಲ, ಬೆನ್ನಿನ ಉದ್ದಕ್ಕೆ: ಕತ್ತು ಬಗ್ಗಿಸಿದಾಗ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ ಸೊಂಟದ ಮೂಳೆಗಳ ಮೇಲಂಚಿನ ಮಟ್ಟದವರೆಗಿನ ದೂರಕ್ಕೆ. ಬೆನ್ನು ಗಿಡ್ಡವಿರುವವರಿಗೆ 55 ಸೆಂಟಿಮೀಟರಿನ ಚೀಲ ಸೊಂಟದ ಕೆಳಗೆ ಜೋತು ನಡೆಯುವಾಗ ಬಡಿಯುತ್ತದೆ. ಅವರು 48–50 ಸೆಂಟಿಮೀಟರಿನದನ್ನು ಆರಿಸಿದರೆ ಕಳೆದುಕೊಳ್ಳುವುದು ಕೆಲವೇ ಲೀಟರ್. ದಪ್ಪ ಕಡಿಮೆಯಿದ್ದಷ್ಟೂ ತೂಕದ ಕೇಂದ್ರ ಬೆನ್ನಿಗೆ ಹತ್ತಿರವಿರುತ್ತದೆ, ಹಿಂದಕ್ಕೆ ಎಳೆಯುವ ಸೆಳೆತ ತಗ್ಗುತ್ತದೆ, ಮುಂದಕ್ಕೆ ಬಾಗಿ ನಡೆಯಬೇಕಾಗುವುದಿಲ್ಲ. ವಿಮಾನದ ನಿಯಮವೂ ಶರೀರದ ಹಿತವೂ ಒಂದೇ ಕಡೆಗೆ ಬೊಟ್ಟು ಮಾಡುವ ಅಪರೂಪದ ಜಾಗವಿದು.

ಎಲ್ಲ ಅಳತೆ ಸರಿಯಿದ್ದರೂ ಚೀಲ ಕೈಬಿಟ್ಟು ಹೋಗುವ ಸಂದರ್ಭಗಳಿವೆ. ಬೆಂಗಳೂರಿನಿಂದ ಶಿವಮೊಗ್ಗದಂಥ ಊರುಗಳಿಗೆ ಹಾರುವ ಎಟಿಆರ್ 72 ವಿಮಾನದ ಮೇಲಿನ ಕಪಾಟುಗಳು ಎ320ರವುಗಳಿಗಿಂತ ಬಹಳ ಚಿಕ್ಕವು. ಹಿಡಿಯದ ಚೀಲಗಳನ್ನು ವಿಮಾನದ ಬಳಿಯೇ ಪಡೆದು ಹೋಲ್ಡಿನಲ್ಲಿ ಇಡುವುದುಂಟು. ತುಂಬಿದ ದೊಡ್ಡ ವಿಮಾನಗಳಲ್ಲೂ ಕೊನೆಯಲ್ಲಿ ಹತ್ತುವವರಿಗೆ ಹೀಗಾಗುತ್ತದೆ. ಆಗ ಚೀಲದೊಳಗಿನ ಪವರ್ ಬ್ಯಾಂಕ್ ಹೋಲ್ಡಿಗೆ ಹೋಗಕೂಡದು. ಲಿಥಿಯಂ ಬ್ಯಾಟರಿ ಕಾದು ಹೊತ್ತಿಕೊಂಡರೆ ಕ್ಯಾಬಿನ್ನಿನಲ್ಲಿ ಸಿಬ್ಬಂದಿ ತಕ್ಷಣ ನೋಡಿ ತಣಿಸಬಹುದು, ಹೋಲ್ಡಿನಲ್ಲಿ ಅದನ್ನು ತಲುಪಲು ಯಾರಿಗೂ ಸಾಧ್ಯವಿಲ್ಲ. ನಿಯಮ ಇರುವುದೇ ಈ ಕಾರಣಕ್ಕೆ. ಬ್ಯಾಟರಿ ಹಿಡಿದಿಡುವ ಶಕ್ತಿಯನ್ನು ವ್ಯಾಟ್-ಗಂಟೆಯಲ್ಲಿ ಅಳೆಯುತ್ತಾರೆ; 100 ವ್ಯಾಟ್-ಗಂಟೆಯವರೆಗಿನದನ್ನು ಕೈಯಲ್ಲಿ ಒಯ್ಯಬಹುದು, 160ರವರೆಗಿನದಕ್ಕೆ ಸಂಸ್ಥೆಯ ಅನುಮತಿ ಬೇಕು. 3.7 ವೋಲ್ಟಿನ ಲೆಕ್ಕದಲ್ಲಿ 20,000 ಎಂಎಎಚ್ ಎಂದರೆ 74 ವ್ಯಾಟ್-ಗಂಟೆ, 27,000 ಎಂಎಎಚ್ ಎಂದರೆ 99.9. ಚೀಲ ಕೊಳ್ಳುವಾಗ ಮೇಲ್ಭಾಗದಲ್ಲಿ, ಬೇರೇನನ್ನೂ ಹೊರತೆಗೆಯದೆ ಕೈಗೆಟಕುವ ಒಂದು ಜೇಬಿದೆಯೇ ಎಂದು ನೋಡಿ, ಪವರ್ ಬ್ಯಾಂಕು, ಪಾಸ್‌ಪೋರ್ಟು, ಔಷಧಿಗಳನ್ನು ಒಂದೇ ಪುಟ್ಟ ಸಂಚಿಯಲ್ಲಿ ಕಟ್ಟಿ ಅಲ್ಲಿಟ್ಟರೆ, ಸಿಬ್ಬಂದಿ ಚೀಲ ಕೇಳಿದ ಕ್ಷಣದಲ್ಲಿ ಆ ಸಂಚಿಯೊಂದನ್ನೇ ತೆಗೆದುಕೊಂಡು ಉಳಿದದ್ದನ್ನು ಅವರಿಗೆ ಒಪ್ಪಿಸಬಹುದು.