ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಇನ್ನೊಂದು ಕೂಲರ್ ಯಾಕೆ ಬೇಕಾಯ್ತು?

ಆಸ್ಟ್ರೇಲಿಯಾದಲ್ಲಿ ಕ್ಯಾರವಾನ್ ಎಳೆಯುವ ಫೋರ್ ವೀಲ್ ಡ್ರೈವ್ ಗಾಡಿಗಳ ಗ್ರಿಲ್ ಒಳಗೆ ಬಗ್ಗಿ ನೋಡಿ. ಎಸಿ ಕಂಡೆನ್ಸರ್ ಮುಂದೆ ಪುಸ್ತಕದಷ್ಟಗಲದ ಸಣ್ಣದೊಂದು ರೇಡಿಯೇಟರ್ ಕೂತಿರುತ್ತದೆ, ಎರಡು ರಬ್ಬರ್ ಪೈಪ್ ಹಿಂದಕ್ಕೆ ಹೋಗಿರುತ್ತವೆ. ಎಷ್ಟೋ ಸಲ ಅದು ಗಾಡಿ ಜೊತೆ ಬಂದಿದ್ದಲ್ಲ, ಓನರ್ ಆಮೇಲೆ ಹಾಕಿಸಿದ್ದು. ಕೆಲಸ ಒಂದೇ: ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲನ್ನು ತಣ್ಣಗೆ ಇಡುವುದು. ಕಂಪನಿ ಕೊಟ್ಟ ಕೂಲರ್ ಒಂದು ಇದ್ದೇ ಇರುತ್ತದೆ. ಅದು ಸಾಲದೆ ಹೋಗಿದ್ದು ಯಾಕೆ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಬಿಸಿ ಎಲ್ಲಿ ಹುಟ್ಟುತ್ತದೆ ನೋಡೋಣ. ಮ್ಯಾನುಯಲ್ ಗಾಡಿಯಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಪ್ಲೇಟ್ ಇದೆ. ಆಟೋಮ್ಯಾಟಿಕ್‌ನಲ್ಲಿ ಆ ಜಾಗದಲ್ಲಿ ಟಾರ್ಕ್ ಕನ್ವರ್ಟರ್. ಇಂಜಿನ್ ಕಡೆಯ ಚಕ್ರ ಆಯಿಲನ್ನು ಎಸೆಯುತ್ತದೆ, ಆ ರಭಸಕ್ಕೆ ಗೇರ್‌ಬಾಕ್ಸ್ ಕಡೆಯ ಚಕ್ರ ತಿರುಗುತ್ತದೆ. ಎರಡೂ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಆ ವ್ಯತ್ಯಾಸಕ್ಕೆ ಸ್ಲಿಪ್ ಅಂತಾರೆ, ಸ್ಲಿಪ್ ಆದಷ್ಟೂ ಶಕ್ತಿ ಬಿಸಿಯಾಗುತ್ತದೆ. ಇಂಜಿನ್ 60 ಕಿಲೋವ್ಯಾಟ್ ಕೊಡುತ್ತಿದೆ, ಮರಳಿನಲ್ಲಿ ಕನ್ವರ್ಟರ್ ಅದರ ಮುಕ್ಕಾಲು ಪಾಲು ಮಾತ್ರ ದಾಟಿಸುತ್ತಿದೆ ಅಂದುಕೊಳ್ಳಿ. ಉಳಿದ 15 ಕಿಲೋವ್ಯಾಟ್ ಆಯಿಲ್ ಪಾಲು. ಬಾತ್‌ರೂಮಿನ 3 ಕಿಲೋವ್ಯಾಟ್ ಗೀಸರ್ ಐದನ್ನು ಒಟ್ಟಿಗೆ ಆನ್ ಮಾಡಿದಷ್ಟು ಬಿಸಿ ಅದು, ಹತ್ತು ಹನ್ನೆರಡು ಲೀಟರ್ ಆಯಿಲ್‌ಗೆ! ಚಕ್ರ ಕದಲದೆ ಆಕ್ಸಿಲರೇಟರ್ ಒತ್ತಿ ಹಿಡಿದರಂತೂ ಇಂಜಿನ್ ಕೊಟ್ಟಿದ್ದೆಲ್ಲ ಬಿಸಿಯೇ.

ಈಗ ಹಿಂದಕ್ಕೆ ಹೋಗೋಣ. ಜನರಲ್ ಮೋಟರ್ಸ್ ಕಂಪನಿ ಹೈಡ್ರಾಮ್ಯಾಟಿಕ್ ಅನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು 1939ರಲ್ಲಿ, 1940ರ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಅಂತ ತಂದಿತು. ಎರಡನೇ ಮಹಾಯುದ್ಧದಲ್ಲಿ ಅದೇ ಗೇರ್‌ಬಾಕ್ಸ್ ಎಂ5 ಸ್ಟುವರ್ಟ್ ಟ್ಯಾಂಕಿನೊಳಗೂ ಹೋಯಿತು. 1948ರಲ್ಲಿ ಬ್ಯೂಕ್ ಕಾರುಗಳಿಗೆ ಟಾರ್ಕ್ ಕನ್ವರ್ಟರ್ ಇದ್ದ ಡೈನಾಫ್ಲೋ ಬಂತು. ಫೋರ್ ವೀಲ್ ಡ್ರೈವ್‌ಗೆ ಆಟೋಮ್ಯಾಟಿಕ್ ಸೇರಿದ್ದು ಇನ್ನೂ ತಡವಾಗಿ. 1963ರ ಮಾಡೆಲ್ ಜೀಪ್ ವ್ಯಾಗನೀರ್‌ನಲ್ಲಿ ಅದು ಸಿಗುತ್ತಿತ್ತು. ರೇಂಜ್ ರೋವರ್‌ಗೆ ಬಂದಿದ್ದು 1982ರಲ್ಲಿ.

ಅಷ್ಟರಲ್ಲಿ ಕಂಪನಿಗಳು ಒಂದು ಸುಲಭದ ದಾರಿ ಕಂಡುಕೊಂಡಿದ್ದವು. ರೇಡಿಯೇಟರಿನ ತುದಿಯ ಟ್ಯಾಂಕ್ ಒಳಗೇ ಒಂದು ಸಣ್ಣ ಕೂಲರ್ ಮುಳುಗಿಸಿಟ್ಟು, ಅದರಲ್ಲಿ ಆಯಿಲ್ ಹರಿಸುವುದು. ಸುತ್ತ ಇಂಜಿನ್ ತಣಿಸುವ ಕೂಲಂಟ್, ಒಳಗೆ ಆಯಿಲ್. ನನ್ನ ಪ್ರಕಾರ ಇದು ಒಳ್ಳೆಯ ವಿನ್ಯಾಸವೇ. ಚಳಿಯಲ್ಲಿ ಆಯಿಲನ್ನು ಬೇಗ ಬಿಸಿ ಮಾಡುತ್ತದೆ, ಬಿಸಿಲಲ್ಲಿ ತಣಿಸುತ್ತದೆ, ಬೇರೆ ಜಾಗ ಕೇಳುವುದಿಲ್ಲ. ಆದರೆ ಕೂಲಂಟೇ ಸುಮಾರು 90 ಡಿಗ್ರಿ ಇರುವಾಗ ಆಯಿಲ್ ಅದಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ. ಇಂಜಿನ್ ಹೀಟ್ ಆದ ದಿನ ಗೇರ್‌ಬಾಕ್ಸೂ ಹೀಟ್ ಆಗುತ್ತದೆ.

ಆಯಿಲ್‌ದೂ ಒಂದು ಕಥೆ ಇದೆ. ಆಗಿನ ಆಟೋಮ್ಯಾಟಿಕ್ ಆಯಿಲ್‌ಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. 1970ರ ದಶಕದ ಶುರುವಿನಲ್ಲಿ ಆ ತಿಮಿಂಗಿಲಗಳನ್ನು ಉಳಿಸಲು ಅಮೆರಿಕ ಕಾನೂನು ಬಿಗಿ ಮಾಡಿತು, ಅದು ಮಾಡಲೇಬೇಕಾಗಿದ್ದ ಕೆಲಸ. ಬದಲಿಗೆ ಬಂದ ಹೊಸ ಆಯಿಲ್, ಕೂಲರಿನ ಬೆಸುಗೆಯನ್ನೇ ತಿನ್ನತೊಡಗಿತು. ಅದನ್ನು ಸರಿಪಡಿಸಿದ ಇನ್ನೊಂದು ಆಯಿಲ್ ಬಂದಿದ್ದು ಆ ದಶಕದ ನಡುವಿನಲ್ಲಿ. ರೇಡಿಯೇಟರ್ ಒಳಗಿನ ಕೂಲರಿನ ಬೆಸುಗೆ ಎಷ್ಟು ಸೂಕ್ಷ್ಮ ಅನ್ನುವುದು ಆಗಲೇ ಗೊತ್ತಾಗಿತ್ತು.

ಇಷ್ಟೆಲ್ಲ ಇದ್ದರೂ ಊರೊಳಗೆ ಓಡುವ ಕಾರಿಗೆ ಆ ಕೂಲರ್ ಸಾಕಾಗುತ್ತಿತ್ತು. ಆಸ್ಟ್ರೇಲಿಯಾದ ಒಳನಾಡಿಗೆ ಸಾಲಲಿಲ್ಲ. ಸಿಂಪ್ಸನ್ ಮರುಭೂಮಿಯಲ್ಲಿ ಸಾವಿರಕ್ಕೂ ಹೆಚ್ಚು ಮರಳು ದಿಬ್ಬಗಳು ಒಂದರ ಹಿಂದೆ ಒಂದು ಸಿಗುತ್ತವೆ. ಬರ್ಡ್ಸ್‌ವಿಲ್ ಊರಿನ ಹತ್ತಿರದ ಬಿಗ್ ರೆಡ್ ಅನ್ನುವ ದಿಬ್ಬ ಸುಮಾರು 40 ಮೀಟರ್ ಎತ್ತರ. ಅಲ್ಲಿ ವೇಗ ಕಡಿಮೆ, ಇಂಜಿನ್ ಮೇಲಿನ ಭಾರ ಜಾಸ್ತಿ, ಗ್ರಿಲ್‌ಗೆ ಗಾಳಿ ಕಮ್ಮಿ. ಇನ್ನು ನಿವೃತ್ತಿಯಾದ ಮೇಲೆ ಕ್ಯಾರವಾನ್ ಕಟ್ಟಿಕೊಂಡು ದೇಶ ಸುತ್ತುವವರು ಅಲ್ಲಿ ಬಹಳ. ಟೊಯೊಟಾ ಲ್ಯಾಂಡ್ ಕ್ರೂಸರ್ 200ರಂತಹ ಗಾಡಿಗೆ 3,500 ಕೆಜಿ ಎಳೆಯಲು ಅನುಮತಿ ಇದೆ. ಹೈವೇಯಲ್ಲಿ ಕನ್ವರ್ಟರ್ ಲಾಕ್ ಆದರೆ, ಅಂದರೆ ಅದರ ಎರಡೂ ಚಕ್ರ ಒಂದಕ್ಕೊಂದು ಕಚ್ಚಿಕೊಂಡು ಒಟ್ಟಿಗೆ ತಿರುಗಿದರೆ, ಸ್ಲಿಪ್ ನಿಲ್ಲುತ್ತದೆ, ಬಿಸಿಯೂ ಇಳಿಯುತ್ತದೆ. ಅಷ್ಟು ಭಾರ ಎಳೆಯುವಾಗ ಸಣ್ಣ ಏರು ಬಂದರೂ ಲಾಕ್ ಬಿಟ್ಟುಹೋಗುತ್ತದೆ.

ಆಯಿಲ್ ಎಷ್ಟು ಬಿಸಿಯಾಗಿದೆ ಅಂತ ಓನರ್‌ಗೆ ಗೊತ್ತಾಗುತ್ತಲೂ ಇರಲಿಲ್ಲ. ಕೆಲವು ಟೊಯೊಟಾಗಳಲ್ಲಿ ಎಚ್ಚರಿಕೆ ದೀಪ ಹೊತ್ತಿಕೊಳ್ಳುವುದೇ ಸುಮಾರು 150 ಡಿಗ್ರಿಗೆ. ಮೆಕ್ಯಾನಿಕ್‌ಗಳ ಹಳೆ ಲೆಕ್ಕ ಏನೆಂದರೆ, 80 ಡಿಗ್ರಿ ದಾಟಿದ ಮೇಲೆ ಪ್ರತಿ 10-11 ಡಿಗ್ರಿಗೆ ಆಯಿಲ್ ಆಯಸ್ಸು ಅರ್ಧ. ಈಗಿನ ಸಿಂಥೆಟಿಕ್ ಆಯಿಲ್‌ಗಳು ಅದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ, ಆದರೂ ಲೆಕ್ಕದ ದಿಕ್ಕು ಸರಿಯಾಗಿದೆ. ಗಾಡಿಯ ಕಂಪ್ಯೂಟರ್ ಮಾಹಿತಿ ಓದುವ ಒಬಿಡಿ ಪೋರ್ಟ್‌ಗೆ ಚುಚ್ಚುವ ಅಗ್ಗದ ರೀಡರ್‌ಗಳು ಬಂದ ಮೇಲೆ ಜನ ಮೊದಲ ಸಲ ಈ ಅಂಕಿಯನ್ನು ಕಣ್ಣಾರೆ ನೋಡಿದರು. ಕೂಲರ್ ಹಾಕಿಸುವವರು ಈಗ ಅದರ ಮುಂಚಿನ, ನಂತರದ ಡಿಗ್ರಿ ಹೋಲಿಸಿ ಮಾತಾಡುತ್ತಾರೆ.

ಇನ್ನೊಂದು ಹೆದರಿಕೆ ನಿಸ್ಸಾನ್‌ನಿಂದ ಬಂತು. 2005ರಿಂದ 2010ರವರೆಗಿನ ಪಾತ್‌ಫೈಂಡರ್, ಫ್ರಾಂಟಿಯರ್, ಎಕ್ಸ್‌ಟೆರಾ ಗಾಡಿಗಳಲ್ಲಿ ರೇಡಿಯೇಟರ್ ಒಳಗಿನ ಕೂಲರ್ ಸೀಳಿ, ಕೂಲಂಟ್ ಗೇರ್‌ಬಾಕ್ಸಿಗೆ ನುಗ್ಗಿತು. ಕೆಂಪು ಆಯಿಲ್ ಗುಲಾಬಿ ಬಣ್ಣಕ್ಕೆ ತಿರುಗಿ ನೊರೆಯಾಗಿ ಬರುತ್ತಿತ್ತು, ಓನರ್‌ಗಳು ಅದನ್ನು ಸ್ಟ್ರಾಬೆರಿ ಮಿಲ್ಕ್‌ಶೇಕ್ ಅನ್ನುತ್ತಿದ್ದರು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಒಳಗೂ ಗೇರ್ ಬದಲಿಸಲು ಸಣ್ಣ ಕ್ಲಚ್ ಪ್ಲೇಟುಗಳಿವೆ, ಅವುಗಳ ಮೇಲಿನ ಪದರ ಅಂಟಿನಿಂದ ನಿಂತಿರುತ್ತದೆ. ಕೂಲಂಟ್‌ನಲ್ಲಿರುವ ನೀರು, ಗ್ಲೈಕಾಲ್ ಸೇರಿದರೆ ಆ ಪದರ ಎದ್ದುಬರುತ್ತದೆ, ಅಲ್ಲಿಗೆ ಗೇರ್‌ಬಾಕ್ಸ್ ಮುಗಿಯಿತು. ಅಮೆರಿಕದಲ್ಲಿ ಕೇಸುಗಳಾದವು, ನಿಸ್ಸಾನ್ ಅಲ್ಲಿ ರೇಡಿಯೇಟರ್ ವಾರಂಟಿಯನ್ನು 8 ವರ್ಷ ಅಥವಾ 80,000 ಮೈಲಿಗೆ ಏರಿಸಿತು. ಹೊರಗಿನ ಕೂಲರ್‌ಗೆ ಹೊಸ ಕಾರಣ ಸಿಕ್ಕಿತು: ತಣ್ಣಗಿಡುವುದಷ್ಟೇ ಸಾಲದು, ಕೂಲಂಟ್‌ನಿಂದ ಆಯಿಲನ್ನು ಪೂರ್ತಿ ಬೇರೆ ಮಾಡಬೇಕು.

ಹಾಗಂತ ದೊಡ್ಡ ಕೂಲರ್ ಹಾಕಿದರೆ ಆಯ್ತು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಆಯಿಲ್ ತೀರಾ ತಣ್ಣಗಿದ್ದರೆ ಎಷ್ಟೋ ಗಾಡಿಗಳ ಕಂಪ್ಯೂಟರ್ ಕನ್ವರ್ಟರನ್ನು ಲಾಕ್ ಮಾಡುವುದೇ ಇಲ್ಲ. ಡೀಸೆಲ್ ಜಾಸ್ತಿ ಕುಡಿಯುತ್ತದೆ, ಗೇರ್ ಬದಲಾಗುವಾಗ ಜರ್ಕ್ ಹೊಡೆಯುತ್ತದೆ. ಅದಕ್ಕೇ ಒಳ್ಳೆ ಕಿಟ್‌ನಲ್ಲಿ ಥರ್ಮೋಸ್ಟಾಟ್ ಇರುತ್ತದೆ, ಆಯಿಲ್ ಬಿಸಿಯಾಗುವವರೆಗೆ ಕೂಲರ್‌ಗೆ ಪೂರ್ತಿ ದಾರಿ ಬಿಡುವುದಿಲ್ಲ. ಚಳಿ ಇರುವ ಕಡೆ ರೇಡಿಯೇಟರ್ ಕೂಲರನ್ನೂ ಉಳಿಸಿಕೊಂಡು, ಆಯಿಲ್ ಮೊದಲು ಅದರೊಳಗೆ, ಆಮೇಲೆ ಹೊರಗಿನ ಕೂಲರ್‌ಗೆ ಹೋಗುವಂತೆ ಜೋಡಿಸುತ್ತಾರೆ.

ಇದಕ್ಕಿಂತ ಮುಖ್ಯವಾದದ್ದು ಹರಿವು. ಬಹಳಷ್ಟು ಗೇರ್‌ಬಾಕ್ಸ್‌ಗಳಲ್ಲಿ ಕೂಲರ್‌ನಿಂದ ವಾಪಸ್ ಬರುವ ಆಯಿಲೇ ಒಳಗಿನ ಗೇರು, ಬುಷ್‌ಗಳಿಗೆ ಲೂಬ್ರಿಕೇಷನ್. ಪೈಪ್ ಸಣ್ಣದಾದರೆ, ಮೂಲೆ ತಿರುವುಗಳು ಜಾಸ್ತಿಯಾದರೆ ಆಯಿಲ್ ತಣ್ಣಗಾಗಿಯೂ ಗೇರು ಒಣಗುತ್ತದೆ. ಕೂಲರಿನ ಅಳತೆ ಕೇಳುವವರು ಸಾವಿರ ಜನ, ಅದನ್ನು ದಾಟುವಾಗ ಆಯಿಲ್ ಒತ್ತಡ ಎಷ್ಟು ಇಳಿಯುತ್ತದೆ ಅಂತ ಕೇಳುವವರು ಕಡಿಮೆ.

ಕೂಲರ್ ಕೂರಿಸುವ ಕೆಲಸವೂ ಅಷ್ಟೇ ಮುಖ್ಯ. ಅಗ್ಗದ ಕಿಟ್‌ಗಳಲ್ಲಿ ಪ್ಲಾಸ್ಟಿಕ್ ಕಡ್ಡಿಗಳನ್ನು ರೇಡಿಯೇಟರ್ ನಡುವೆ ತೂರಿಸಿ ಕೂಲರ್ ಬಿಗಿಯುತ್ತಾರೆ. ಕಚ್ಚಾ ರಸ್ತೆಯ ಅದುರಿಗೆ ಅವು ಉಜ್ಜಿ ಉಜ್ಜಿ ರೇಡಿಯೇಟರನ್ನೇ ತೂತು ಮಾಡುತ್ತವೆ. ಕಬ್ಬಿಣದ ಪೈಪ್ ನೇರ ಕತ್ತರಿಸಿ, ತುದಿಯಲ್ಲಿ ಉಬ್ಬು ಮಾಡದೆ ರಬ್ಬರ್ ಪೈಪ್ ಏರಿಸಿದರೆ ಕ್ಲಾಂಪ್ ಎಷ್ಟೇ ಬಿಗಿಯಿರಲಿ, ಒಂದು ದಿನ ಜಾರುತ್ತದೆ. ಆ ಆಯಿಲ್ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ. ಸ್ಪಿನಿಫೆಕ್ಸ್ ಹುಲ್ಲಿನ ಬೀಜ ತುಂಬಿಕೊಂಡ ಕೂಲರ್‌ನೊಳಗೆ ಗಾಳಿಯೂ ಹೋಗುವುದಿಲ್ಲ, ತೆಗೆದು ಸ್ವಚ್ಛ ಮಾಡುತ್ತಿರಲೇಬೇಕು.

ನಮ್ಮಲ್ಲಿ ಕ್ಯಾರವಾನ್ ಎಳೆಯುವವರು ತೀರಾ ಕಡಿಮೆ. ಆದರೆ 2020ರ ಮಹೀಂದ್ರ ಥಾರ್‌ಗೆ ಐಸಿನ್ ಕಂಪನಿಯ 6 ಸ್ಪೀಡ್ ಆಟೋಮ್ಯಾಟಿಕ್ ಬಂದ ಮೇಲೆ ಸಕಲೇಶಪುರ, ಕೊಡಗಿನ ಕೆಸರಿನಲ್ಲಿ ಆಟೋಮ್ಯಾಟಿಕ್ ಗಾಡಿಗಳು ಕಾಣತೊಡಗಿವೆ. ಅಲ್ಲಿ ಮೊದಲು ಮಾಡಬೇಕಾದ್ದಕ್ಕೆ ದುಡ್ಡು ಬೇಕಿಲ್ಲ. ಕಡಿದಾದ ಏರಿನಲ್ಲಿ ಫೋರ್ ಲೋಗೆ (ನಿಧಾನಕ್ಕೆ, ಜಾಸ್ತಿ ಎಳೆತಕ್ಕೆ ಇರುವ ಫೋರ್ ವೀಲ್ ಡ್ರೈವ್ ಗೇರ್) ಹಾಕಿದರೆ ಕನ್ವರ್ಟರ್ ಸ್ಲಿಪ್ ಕಡಿಮೆಯಾಗುತ್ತದೆ, ಅರ್ಧ ಬಿಸಿ ಹುಟ್ಟುವುದೇ ಇಲ್ಲ. ಆಮೇಲೆ ರೀಡರ್ ಚುಚ್ಚಿ ಒಂದು ಮಳೆಗಾಲ ಪೂರ್ತಿ ಡಿಗ್ರಿ ಬರೆದಿಡಿ. ಅಂಕಿ ಪದೇಪದೇ 110 ದಾಟುತ್ತಿದ್ದರೆ ಕೂಲರ್ ಮಾತು ಎತ್ತಬಹುದು, ವಾರಂಟಿ ಏನು ಹೇಳುತ್ತದೆ ಅಂತ ಮೊದಲೇ ಓದಿಕೊಂಡು.